ಬಾಯ್ಲರ್ ಉಸ್ತುವಾರಿ ಹೆಗಲಿಗೇರಿದೆ, ಮೊದಲು ಏನು ಕಲಿಯಲಿ?

ಪ್ರಶ್ನೆ: ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದೇನೆ. ಸ್ಟೀಮ್ ಬಾಯ್ಲರ್ ನೋಡಿಕೊಳ್ಳುವ ಕೆಲಸವೂ ಈಗ ನನ್ನದೇ. ಪ್ರೆಷರ್ ಗೇಜ್ ಮುಳ್ಳು ಏರಿದರೆ ಎದೆ ಹೊಡೆದುಕೊಳ್ಳುತ್ತದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಬಾಯ್ಲರ್ ಅಟೆಂಡೆಂಟ್: ಮುಳ್ಳಿಗೆ ಅಷ್ಟು ಹೆದರಬೇಡಿ, ಬಾಯ್ಲರ್ ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇದೆಯಲ್ಲ, ಆ ಗೇಜ್ ಗ್ಲಾಸಿಗೆ ಹೆದರಿ. ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ತಾನೇ ತೆರೆದು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ನೀರು ಇಳಿಯುವುದು ಮಾತ್ರ ಸದ್ದಿಲ್ಲದೆ. ನಿಮ್ಮದು ಬಹುಶಃ ಫೈರ್ ಟ್ಯೂಬ್ ಬಾಯ್ಲರ್: ಕೊಳವೆಯೊಳಗೆ ಬಿಸಿ ಅನಿಲ, ಸುತ್ತಲೂ ನೀರು. ಕೊಳವೆಯ ಉಕ್ಕನ್ನು ತಂಪಾಗಿಡುವುದು ಆ ನೀರೇ. ನೀರು ಕೆಳಗಿಳಿದು ಕೊಳವೆ ಬಯಲಾದರೆ ಉಕ್ಕು ಕಾದು ಮೆತ್ತಗಾಗುತ್ತದೆ.

ಗಾಜಿನಲ್ಲಿ ನೀರೇ ಕಾಣದಿದ್ದರೆ ಮೊದಲು ಉರಿ ನಿಲ್ಲಿಸಿ. ಗಾಬರಿಯಲ್ಲಿ ಬಾಯ್ಲರ್‌ಗೆ ನೀರು ತುಂಬುವ ಫೀಡ್ ಪಂಪ್ ಚಾಲೂ ಮಾಡಲೇಬೇಡಿ. ಕೆಂಪಗೆ ಕಾದ ಲೋಹಕ್ಕೆ ನೀರು ತಗುಲಿದರೆ ಅನಾಹುತವಾಗುತ್ತದೆ. ಪ್ರತಿ ಪಾಳಿಯಲ್ಲೂ ಗಾಜಿನ ಡ್ರೈನ್ ಕಾಕ್ (ನೀರು ಬಸಿಯುವ ನಲ್ಲಿ) ತೆರೆದು ಮುಚ್ಚಿ ನೋಡಿ. ನೀರು ತಟ್ಟನೆ ಪುಟಿದು ಮೇಲೇರಬೇಕು. ನಿಧಾನವಾಗಿ ತೆವಳಿದರೆ ದಾರಿಯಲ್ಲಿ ಕೆಸರು ಕಟ್ಟಿದೆ, ಆಗ ಆ ಗಾಜು ತೋರಿಸುವ ಮಟ್ಟವನ್ನು ನಂಬಬೇಡಿ.

ನೀರು ಶುದ್ಧೀಕರಣ ನೋಡಿಕೊಳ್ಳುವವರು: ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಗಡಸು ನೀರು ಹಾಕಿದರೆ ಕೊಳವೆಯ ಮೇಲೆ ಸ್ಕೇಲ್, ಅಂದರೆ ಲವಣದ ಗಟ್ಟಿ ಪದರ ಕಟ್ಟಿ, ನೀರು ತುಂಬಿದ್ದರೂ ಲೋಹ ಅತಿಯಾಗಿ ಕಾಯುತ್ತದೆ. ಗಡಸುತನ ತೆಗೆಯುವ ಸಾಫ್ಟ್‌ನರ್‌ನಿಂದ ಬರುವ ನೀರನ್ನು ದಿನವೂ ಪರೀಕ್ಷಿಸಿ. ಬ್ಲೋಡೌನ್ (ಲವಣ, ಕೆಸರು ಸೇರಿದ ನೀರನ್ನು ಬಾಯ್ಲರ್‌ನಿಂದ ಹೊರಬಿಡುವುದು) ಮಾಡಿದರೆ ಉರುವಲು ನಷ್ಟ ಎಂದು ಗೊಣಗುವವರು ಇರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ನಿರ್ವಹಣಾ ಎಂಜಿನಿಯರ್: ಕೆಲಸದ ಹಿಂದಿನ ತತ್ವವನ್ನೂ ತಿಳಿದುಕೊಳ್ಳಿ. ಒಂದು ಕಿಲೋ ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 419 ಕಿಲೋಜೂಲ್ ಸಾಕು. ಅದನ್ನು ಉಗಿಯಾಗಿಸಲು ಇನ್ನೂ 2257 ಬೇಕು. ನಿಮ್ಮ ಬಣ್ಣದ ತೊಟ್ಟಿಯ ಕಾಯಿಲ್‌ನಲ್ಲಿ ಉಗಿ ಮರಳಿ ನೀರಾಗುವಾಗ ಬಿಟ್ಟುಕೊಡುವುದು ಈ ದೊಡ್ಡ ಪಾಲನ್ನೇ. ಕಾಗದ ಒಣಗಿಸುವ ಸಿಲಿಂಡರ್, ಹಾಲಿನ ಪಾಶ್ಚರೀಕರಣ, ಆಸ್ಪತ್ರೆಯಲ್ಲಿ ಉಪಕರಣಗಳ ಕ್ರಿಮಿ ಕೊಲ್ಲುವ 121 ಡಿಗ್ರಿಯ ಆಟೊಕ್ಲೇವ್, ಎಲ್ಲ ಕಡೆಯೂ ಇದೇ ಲೆಕ್ಕ. ವಿದ್ಯುತ್ ಸ್ಥಾವರದ ಕಥೆ ಬೇರೆ: ಅಲ್ಲಿ ವಾಟರ್ ಟ್ಯೂಬ್ ಬಾಯ್ಲರ್, ಕೊಳವೆಯೊಳಗೇ ನೀರು, ಹೆಚ್ಚು ಒತ್ತಡದ ಉಗಿ ಟರ್ಬೈನ್ ತಿರುಗಿಸುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಸರ್. ಬೆಳಿಗ್ಗೆ ವಾಲ್ವ್ ತೆರೆದಾಗ ಪೈಪು ಢಬಢಬ ಬಡಿದುಕೊಳ್ಳುತ್ತದೆ, ಏಕೆ?

ನಿರ್ವಹಣಾ ಎಂಜಿನಿಯರ್: ವಾಟರ್ ಹ್ಯಾಮರ್. ರಾತ್ರಿ ತಣಿದು ಪೈಪಿನಲ್ಲಿ ನಿಂತ ನೀರನ್ನು ಉಗಿ ದೂಡಿ ಬೆಂಡ್‌ಗೆ ಅಪ್ಪಳಿಸುತ್ತದೆ. ಮೊದಲು ಡ್ರೈನ್ ತೆರೆದು ನೀರು ಬಸಿಯಿರಿ, ಆಮೇಲೆ ಮುಖ್ಯ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಆದರೂ ಬಡಿತ ನಿಲ್ಲದಿದ್ದರೆ ಉಗಿಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ಸ್ಟೀಮ್ ಟ್ರ್ಯಾಪ್‌ಗಳನ್ನು ಬಿಚ್ಚಿಸಿ ನೋಡಿ.