ಪಮೆಲ್ ಹಾರ್ಸ್‌ಗೆ ಕನ್ನಡದಲ್ಲಿ ಏನನ್ನೋಣ? ‘ಸವಾರಿ’ ಅಂತೂ ಬೇಡ

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೆಯುತ್ತಿದ್ದೇನೆ. ಒಂದು ಪದ ಹುಡುಕಲು ಹೊರಟವಳು ನಾಲ್ಕು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಬಿಡಿಸಿಕೊಡಿ.

ಮಕ್ಕಳಿಗಾಗಿ ಆಟೋಟದ ಒಂದು ಸಣ್ಣ ಪುಸ್ತಿಕೆಯನ್ನು ಕನ್ನಡಕ್ಕೆ ತರುವ ಕೆಲಸ ಕೈಯಲ್ಲಿದೆ. ಅದರಲ್ಲಿ ಒಂದು ಪುಟ 2024ರ ಪ್ಯಾರಿಸ್ ಒಲಿಂಪಿಕ್ಸಿನ ಪುರುಷರ ಪಮೆಲ್ ಹಾರ್ಸ್ ಫೈನಲ್ ಬಗ್ಗೆ. ಹಿಡಿಕೆಯಿರುವ ದಿಮ್ಮಿಯ ಮೇಲೆ ಕೈಯೂರಿ ಮಾಡುವ ಜಿಮ್ನಾಸ್ಟಿಕ್ಸ್ ಸ್ಪರ್ಧೆ ಅದು. ಐರ್ಲೆಂಡಿನ ರೀಸ್ ಮಕ್ಲೆನಹನ್ 15.533 ಅಂಕ ಪಡೆದು ಚಿನ್ನ ಗೆದ್ದರು. ಕಜಾಕಿಸ್ತಾನದ ನರಿಮಾನ್ ಕುರ್ಬಾನೋವ್ ಅವರಿಗೆ 15.433, ಬೆಳ್ಳಿ. ಅಮೆರಿಕದ ಸ್ಟೀಫನ್ ನೆಡೊರೋಸಿಕ್ ಅವರಿಗೆ 15.300, ಕಂಚು. ಇಷ್ಟು ಬರೆಯಲು ಏನೂ ಕಷ್ಟವಿಲ್ಲ. ಆದರೆ ಕಂಪ್ಯೂಟರಿಗೆ ಹಾಕಿ ತೆಗೆದ ಕರಡಿನಲ್ಲಿ ಹೀಗಿತ್ತು: ‘ಕುದುರೆ ಸವಾರಿಯಲ್ಲಿ ಐರ್ಲೆಂಡಿಗೆ ಚಿನ್ನ.’ ಎರಡು ಸಾಲು ಕೆಳಗೆ: ‘ಅವರ ಮರಣದಂಡನೆಯ ಅಂಕ ಹೆಚ್ಚಿತ್ತು.’ ಪಾಪ, ಗೆದ್ದವನಿಗೇ ಗಲ್ಲು!

ಮರಣದಂಡನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸವಾರಿ.

ಕಂಬಳದಲ್ಲಿ ಕೋಣದ ಹಿಂದೆ ಓಡುವವನನ್ನು ಹೊರಗಿನವರು ‘ಸವಾರ’ ಅಂತಲೋ ‘ಜಾಕಿ’ ಅಂತಲೋ ಬರೆದರೆ ನನಗೆ ಕಿರಿಕಿರಿಯಾಗುತ್ತದೆ. ಅವನು ಕೋಣದ ಮೇಲೆ ಕೂತಿದ್ದು ಯಾವಾಗ? ಹಲಗೆಯ ಮೇಲೆ ನಿಂತಾನು, ಹಗ್ಗ ಹಿಡಿದು ಓಡಿಯಾನು. ನಾವು ‘ಕೋಣ ಓಡಿಸುವವ’ ಅನ್ನುತ್ತೇವೆ. ಅವನು ಮಾಡುವ ಕೆಲಸವೇ ಅವನ ಹೆಸರು. ಪಮೆಲ್ ಹಾರ್ಸ್ ಕತೆಯೂ ಇದೇ. ಇದರ ಮೇಲೆ ಯಾರೂ ಕೂರುವುದಿಲ್ಲ. ಕೂತರೆ ಬಿದ್ದ ಹಾಗೆ ಲೆಕ್ಕ, ಪೂರ್ತಿ 1 ಅಂಕ ಹೋಗುತ್ತದೆ. ಸವಾರಿ ಮಾಡಿದವನೇ ಸೋಲುವ ಆಟಕ್ಕೆ ಸವಾರಿ ಅಂತ ಹೆಸರಿಟ್ಟರೆ ಹೇಗೆ?

ಹಾಗಾದರೆ ಅವನು ಮಾಡುವುದೇನು? ಇದನ್ನು ತಿಳಿಯಲು ಫೈನಲ್ಲಿನ ವಿಡಿಯೋವನ್ನು ನಿಧಾನಗತಿಯಲ್ಲಿ ಹತ್ತಾರು ಸಲ ನೋಡಿದೆ. ತಲೆ ಬಾಲ ಇಲ್ಲದ, ಚರ್ಮ ಹೊದಿಸಿದ ಒಂದು ದಿಮ್ಮಿ. ಉದ್ದ 160 ಸೆಂ.ಮೀ., ಅಗಲ ಬರೀ 35. ನೆಲದಿಂದ ಎತ್ತರ 115. ಮೇಲೆ 12 ಸೆಂ.ಮೀ. ಎತ್ತರದ ಎರಡು ಹಿಡಿಕೆ. ಮೈಯ ಭಾರವೆಲ್ಲ ಅಂಗೈ ಮೇಲೆ. ಜೋಡಿಸಿದ ಎರಡೂ ಕಾಲು ಬೆರಳತುದಿಯವರೆಗೆ ನೇರ ಚಾಚಿಕೊಂಡು ದಿಮ್ಮಿಯ ಸುತ್ತ ತಿರುಗುತ್ತವೆ. ಕಾಲು ಬಲಗಡೆಗೆ ಬಂದಾಗ ಬಲಗೈ ಎತ್ತಬೇಕು, ಇಲ್ಲದಿದ್ದರೆ ದಾರಿ ಇಲ್ಲ. ಆಗ ಇಡೀ ಮೈ ಎಡಗೈ ಒಂದರ ಮೇಲೆ. ಕಾಲು ದಾಟಿದ ಕೂಡಲೇ ಬಲಗೈ ಮತ್ತೆ ಹಿಡಿಕೆಗೆ, ಅಷ್ಟರಲ್ಲಿ ಎಡಗೈ ಎತ್ತುವ ಸರದಿ. ಬಿಳಿ ಪುಡಿ ಮೆತ್ತಿದ ಅಂಗೈ ಬಿದ್ದಾಗಲೆಲ್ಲ ಟಪ್, ಟಪ್ ಅಂತ ಸದ್ದು. ನಿಲ್ಲುವ ಹಾಗಿಲ್ಲ. ತೂಗುಬಿಟ್ಟ ಎರಡು ಬಳೆ ಹಿಡಿದು ಮಾಡುವ ರಿಂಗ್ಸ್‌ನಲ್ಲಾದರೂ ಒಂದೆರಡು ಸೆಕೆಂಡು ಸ್ಥಿರವಾಗಿ ನಿಂತು ತೋರಿಸುವ ಭಂಗಿಗಳಿವೆ. ಇಲ್ಲಿ ಅದೂ ಇಲ್ಲ.

ಈ ಕ್ರಿಯೆಗೆ ಏನು ಪದ? ಮೊದಲು ಹೊಳೆದದ್ದು ‘ಗಿರಕಿ’. ಆದರೆ ಗಿರಕಿ ಹೊಡೆಯುವವನು ತಾನೇ ಬುಗುರಿಯಂತೆ ತಿರುಗುತ್ತಾನೆ, ಮುಖವೂ ಸುತ್ತುತ್ತದೆ. ಇಲ್ಲಿ ಸಾಮಾನ್ಯ ಸುತ್ತಿನಲ್ಲಿ ಎದೆ ಹೆಚ್ಚುಕಮ್ಮಿ ಒಂದೇ ಕಡೆಗಿರುತ್ತದೆ, ವೃತ್ತ ಬರೆಯುವುದು ಕಾಲು. ಯಕ್ಷಗಾನದ ‘ದಿಗಿಣ’ ಅನ್ನೋಣ ಅಂದುಕೊಂಡೆ. ನಮ್ಮ ಕಡೆಯ ಮಕ್ಕಳಿಗೆ ತಕ್ಷಣ ಗೊತ್ತಾಗುವ ಪದ. ಆದರೆ ದಿಗಿಣಕ್ಕೆ ನೆಲ ಬೇಕು. ಕಾಲು ನೆಲ ಒದ್ದು ಮೇಲೇಳಬೇಕು. ಕಾಲಿಗೆ ನೆಲವೇ ತಾಗದ ಆಟಕ್ಕೆ ಅದು ಒಪ್ಪುವುದಿಲ್ಲ.

ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಹುಡುಗನ ಬಾಲ್ದಿಯಲ್ಲಿ. ಅವನು ಭಾನುವಾರ ಮಂಗಳೂರಿಗೆ ಜಿಮ್ನಾಸ್ಟಿಕ್ಸ್ ಕಲಿಯಲು ಹೋಗುತ್ತಾನೆ. ಈ ಸುತ್ತನ್ನು ಕಲಿಸುವಾಗ ಮೇಲಿನಿಂದ ಹಗ್ಗದಲ್ಲಿ ಬಾಲ್ದಿ ಇಳಿಬಿಟ್ಟು, ಅದರೊಳಗೆ ಪಾದ ಇಡಿಸಿ ತಿರುಗಿಸುತ್ತಾರೆ. ಕಾಲಿನ ಭಾರ ಬಾಲ್ದಿ ಹೊರುತ್ತದೆ, ಕೈ ಎತ್ತಿ ಇಡುವುದನ್ನು ಮಾತ್ರ ಮೈ ಕಲಿಯುತ್ತದೆ. ಇವನು ಮನೆಯಲ್ಲೂ ಮಾವಿನ ಕೊಂಬೆಗೆ ಬಾಲ್ದಿ ಕಟ್ಟಿಕೊಂಡು, ಎರಡು ಇಟ್ಟಿಗೆ ಮೇಲೆ ಕೈಯೂರಿ ಸುತ್ತುತ್ತಿದ್ದ. ಅವನ ಅಜ್ಜಿ ಜಗಲಿಯಿಂದ ಕೂಗಿ ಹೇಳಿದರು: ‘ಕಾಲು ಬೀಸುವಾಗ ಸೊಂಟ ಇಳಿಸಬೇಡವೋ!’

ಬೀಸು! ಕಣ್ಣೆದುರೇ ಇದ್ದ ಪದ. ಬೀಸಣಿಗೆ, ಕವಣೆ ಬೀಸುವುದು, ಕೈ ಬೀಸಿ ನಡೆಯುವುದು, ಇಲ್ಲೆಲ್ಲ ತೂಗಾಟ ಇದೆ. ಬೀಸುವ ಕಲ್ಲಿನಲ್ಲಿ ಸುತ್ತು ಇದೆ. ಒಂದೇ ಕ್ರಿಯಾಪದದಲ್ಲಿ ತೂಗುವುದೂ ಸುತ್ತುವುದೂ ಎರಡೂ ಇವೆ, ಈ ಆಟಕ್ಕೆ ಬೇಕಾದದ್ದೂ ಆ ಎರಡೇ. ಇನ್ನು ಬಲೆ ಬೀಸುವುದು. ಕಲ್ಯಾಣಪುರದ ಹತ್ತಿರ ಸ್ವರ್ಣಾ ನದಿಯಲ್ಲಿ ಸಂಜೆ ಬಲೆ ಬೀಸುವವರನ್ನು ನೋಡಿ. ಪಾದ ಊರಿದಲ್ಲೇ ಇರುತ್ತದೆ. ಸೊಂಟ ತಿರುಗುತ್ತದೆ, ತೋಳು ಹಿಂಬಾಲಿಸುತ್ತದೆ, ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಳ್ಳುತ್ತದೆ. ಆ ಮನುಷ್ಯನನ್ನು ತಲೆಕೆಳಗು ಮಾಡಿ, ಪಾದದ ಜಾಗದಲ್ಲಿ ಕೈಯಿಟ್ಟರೆ ಪಮೆಲ್ ಹಾರ್ಸ್.

ಹಂಗೇರಿಯವರು ಈ ಸ್ಪರ್ಧೆಯನ್ನು ಕರೆಯುವುದೂ ಹೀಗೆಯೇ. ಅವರ ಪದ ‘ಲೋಲೆಂಗೇಶ್’. ‘ಲೋ’ ಅಂದರೆ ಕುದುರೆ, ‘ಲೆಂಗೇಶ್’ ಅಂದರೆ ಬೀಸಾಟ, ತೂಗಾಟ. ಅವರ ಮಾತಿಗೆ ಇಲ್ಲಿ ಸ್ವಲ್ಪ ಜಾಸ್ತಿ ತೂಕ ಕೊಡಬೇಕು. 1976 ಮತ್ತು 1980ರ ಒಲಿಂಪಿಕ್ಸ್‌ನಲ್ಲಿ ಇದೇ ಆಟದಲ್ಲಿ ಚಿನ್ನ ಗೆದ್ದ ಜೋಲ್ತಾನ್ ಮಾಗ್ಯಾರ್ ಅವರ ಊರು ಅದು. ದಿಮ್ಮಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೀಸುತ್ತಲೇ ಮುಂದಕ್ಕೆ ಸಾಗುವ ಪಟ್ಟಿಗೆ ಇವತ್ತಿಗೂ ಅವರದೇ ಹೆಸರು. ಹಿಂದಕ್ಕೆ ಸಾಗುವುದಕ್ಕೆ ಇನ್ನೊಬ್ಬ ಹಂಗೇರಿಯವರಾದ ಸಿವಾದೋ ಹೆಸರು. ಇವನ್ನು ‘ಮಾಗ್ಯಾರ್ ನಡೆ’, ‘ಸಿವಾದೋ ನಡೆ’ ಅಂತ ಬರೆದಿದ್ದೇನೆ, ಚದುರಂಗದ ನಡೆಯಂತೆ. ಕಾಲನ್ನು ಅಡ್ಡಡ್ಡ ಬದಲಿಸುವುದಕ್ಕೆ ‘ಕತ್ತರಿ’ ಸಾಕು. ಕಾಲಗಲಿಸಿ ಬೀಸುವ ‘ಫ್ಲೇರ್’ ಹಾಗೇ ಇರಲಿ, ಬ್ರೇಕ್ ಡ್ಯಾನ್ಸ್ ಮಾಡುವ ಹುಡುಗರಿಗೆ ಅದು ಗೊತ್ತು.

ಕ್ರಿಯಾಪದದ ಬಗ್ಗೆ ನನಗೆ ಈಗ ಅನುಮಾನವಿಲ್ಲ. ಜಗಳ ಇರುವುದು ಸಾಧನದ ಹೆಸರಿನ ಬಗ್ಗೆ.

ಪಮೆಲ್ ಅಂದರೆ ಜೀನಿನ ಮುಂದುಗಡೆ ಉಬ್ಬಿಕೊಂಡಿರುವ ಗುಬುಟು. ಹಳೆಯ ಫ್ರೆಂಚಿನಲ್ಲಿ ‘ಪುಟ್ಟ ಸೇಬು’ ಅನ್ನುವ ಅರ್ಥದ ಪದದಿಂದ ಬಂದದ್ದು. ಕತ್ತಿಯ ಹಿಡಿಯ ತುದಿಯಲ್ಲಿರುವ ಗುಂಡಿಗೂ ಇದೇ ಹೆಸರು. ಆಟ ಹುಟ್ಟಿದ್ದು ಕುದುರೆ ಪಡೆಯ ತಾಲೀಮಿನಿಂದ. ರೋಮನ್ ಸೈನಿಕರು ಮರದ ಕುದುರೆ ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದರು. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೀಡ್ರಿಕ್ ಲುಡ್ವಿಗ್ ಯಾನ್ ಅದನ್ನು ವ್ಯಾಯಾಮದ ಬಯಲಿಗೆ ತಂದರು. ಹಾಗಾಗಿ ಬಹಳ ಭಾಷೆಗಳಲ್ಲಿ ಹೆಸರು ಜೀನಿಗೇ ಅಂಟಿಕೊಂಡಿದೆ. ಚೀನಿಯರು ಎರಡೇ ಅಕ್ಷರ ಬರೆಯುತ್ತಾರೆ: ಒಂದು ಜೀನು, ಇನ್ನೊಂದು ಕುದುರೆ.

ನಾವೂ ‘ಜೀನುಕುದುರೆ’ ಅಂದರಾಯಿತಲ್ಲ ಅಂತ ಒಬ್ಬ ಗೆಳತಿ ಹೇಳಿದರು. ಗಟ್ಟಿಯಾಗಿ ಓದಿ ನೋಡಿ, ಮಕ್ಕಳ ಕಿವಿಗೆ ‘ಜೇನುಕುದುರೆ’ ಅಂತ ಬೀಳುತ್ತದೆ. ‘ಹಲ್ಲಣ’ ಜೀನಿಗೆ ಚಂದದ ಹಳೆಯ ಪದ, ಅಲ್ಲಮನ ವಚನದಲ್ಲೂ ಇದೆ. ಆದರೆ ಐದನೇ ಕ್ಲಾಸಿನವರಿಗೆ ಅದನ್ನು ವಿವರಿಸಲು ಇನ್ನೊಂದು ಪುಟ ಬೇಕು. ‘ಹಿಡಿಕುದುರೆ’ ನನಗೆ ಇಷ್ಟವಾಗಿತ್ತು. ಇಲ್ಲಿಯವರು ಓದಿದರೆ ಹಿಡಿಸೂಡಿ ನೆನಪಾಗುತ್ತದೆ ಅಂತ ಮನೆಯಲ್ಲಿ ನಕ್ಕರು. ಪೊರಕೆ ಏರಿ ಹಾರುವ ಮಾಟಗಾತಿಯ ಚಿತ್ರ ಬರೆಯಬೇಕಾದೀತು. ‘ಕೀಲುಕುದುರೆ’ಯನ್ನಂತೂ ಮುಟ್ಟುವ ಹಾಗೇ ಇಲ್ಲ, ಅದು ಜಾತ್ರೆ ಮೆರವಣಿಗೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವ ಕುದುರೆ.

ಉಳಿದದ್ದು ‘ಕೊಂಬು’. ಆ ಎರಡು ಹಿಡಿಕೆ ನೋಡಿದರೆ ಮೊದಲು ತೋಚುವುದೇ ಅದು. ‘ನಿನಗೇನು ಎರಡು ಕೊಂಬಿದೆಯಾ’ ಅಂತ ಕೇಳುತ್ತೇವಲ್ಲ, ಈ ಕುದುರೆಗೆ ನಿಜವಾಗಿಯೂ ಇದೆ. ಬಿಸಿಲ್ಗುದುರೆಯ ಹಾಗೆ ಸಂಧಿ ಮಾಡಿ ‘ಕೊಂಬುಗುದುರೆ’ ಅನ್ನಬಹುದು. ನನ್ನ ಒಲವು ಇದಕ್ಕೇ. ಆಕ್ಷೇಪಣೆಯೂ ಬಂತು: ಉಡುಪಿಯಲ್ಲಿ ಕೊಂಬು, ಕುದುರೆ ಅಂದರೆ ಉತ್ಸವದ ಮೆರವಣಿಗೆಯ ಪಟ್ಟಿ ಓದಿದ ಹಾಗಿರುತ್ತದಂತೆ. ಮೊದಲು ಕೊಂಬು ಊದುವವರು, ಹಿಂದೆ ಕುದುರೆ! ಬಾಲ್ದಿ ಹುಡುಗನನ್ನು ಕೇಳಿದೆ. ಅವನು ನನ್ನ ಕರಡನ್ನು ಸ್ವಲ್ಪ ಹೊತ್ತು ನೋಡಿ, ‘ಆಂಟಿ, ಕುದುರೆ ಅಂತ ಬರೆದರೇ ಎರಡು ಕೊಂಬು ಇದೆಯಲ್ಲ’ ಅಂದ. ಕ ಕೊಂಬು ಕು, ದ ಕೊಂಬು ದು. ಇಷ್ಟು ವರ್ಷ ಬರೆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ಮರಣದಂಡನೆ. ಇಂಗ್ಲಿಷಿನ ‘ಎಕ್ಸಿಕ್ಯೂಷನ್’ ಅಂದರೆ ಮಾಡಿ ತೋರಿಸುವ ರೀತಿಯೂ ಹೌದು, ಮರಣದಂಡನೆಯೂ ಹೌದು, ಕಂಪ್ಯೂಟರ್ ಎಡವಿದ್ದು ಅಲ್ಲೇ. ಅಂಕ ಎರಡು ಭಾಗ. ಎಷ್ಟು ಕಷ್ಟದ ಪಟ್ಟು ಹಾಕಿದೆ ಅನ್ನುವುದಕ್ಕೆ ಒಂದು, ಅದನ್ನು ಎಷ್ಟು ನೀಟಾಗಿ ಮಾಡಿದೆ ಅನ್ನುವುದಕ್ಕೆ ಇನ್ನೊಂದು. ಎರಡನೆಯದು 10ರಿಂದ ಶುರುವಾಗಿ ತಪ್ಪಿಗೆ ತಕ್ಕಂತೆ ಇಳಿಯುತ್ತದೆ. ಮೊದಲನೆಯದಕ್ಕೆ ‘ಕಷ್ಟದ ಅಂಕ’, ಎರಡನೆಯದಕ್ಕೆ ‘ಅಚ್ಚುಕಟ್ಟಿನ ಅಂಕ’ ಅಂತ ಹಾಕಿದ್ದೇನೆ. ‘ಕಾಠಿಣ್ಯಾಂಕ’, ‘ನಿರ್ವಹಣಾಂಕ’ ಸುಮ್ನೆ ಭಾರ. (ಅಚ್ಚುಕಟ್ಟು ಅಂದರೆ ಮಂಡ್ಯ ಕಡೆಯವರಿಗೆ ನಾಲೆ ನೀರು ನೆನಪಾದೀತು, ಕ್ಷಮಿಸಿ.) 2012ರ ಲಂಡನ್ ಫೈನಲ್ಲನ್ನು ಈ ಎರಡು ಪದಗಳಲ್ಲಿ ಬರೆದು ನೋಡಿದೆ. ಹಂಗೇರಿಯ ಕ್ರಿಸ್ಟಿಯಾನ್ ಬೆರ್ಕಿ, ಬ್ರಿಟನ್ನಿನ ಲೂಯಿ ಸ್ಮಿತ್, ಇಬ್ಬರಿಗೂ 16.066. ಸ್ಮಿತ್ ಅವರ ಕಷ್ಟದ ಅಂಕ 7.0, ಬೆರ್ಕಿ ಅವರದು 6.9. ಅಚ್ಚುಕಟ್ಟಿನಲ್ಲಿ ಬೆರ್ಕಿ 9.166, ಸ್ಮಿತ್ 9.066. ಅಂಕ ಸಮವಾದರೆ ಅಚ್ಚುಕಟ್ಟು ನೋಡಬೇಕು, ಹಾಗಾಗಿ ಚಿನ್ನ ಬೆರ್ಕಿಗೆ. ಓದಿದವರಿಗೆ ಅರ್ಥವಾಗುತ್ತದೆ ಅಲ್ವಾ?

ನನ್ನ ಪ್ರಶ್ನೆ ಇಷ್ಟು. ‘ಬೀಸು’ ಅನ್ನುವುದನ್ನು ನಾಮಪದವಾಗಿ ಬಳಸಬಹುದೇ? ‘ಒಂದು ಬೀಸು, ಎರಡು ಬೀಸು’ ಅಂದರೆ ಧಾರವಾಡ, ಮೈಸೂರು ಕಡೆಯವರ ಕಿವಿಗೆ ಹೇಗೆ ಕೇಳಿಸುತ್ತದೆ? ಹಳೆಯ ವ್ಯಾಯಾಮ ಶಾಲೆಗಳಲ್ಲಿ ತಾಲೀಮು ಮಾಡಿದವರು ಯಾರಾದರೂ ಇದ್ದರೆ, ಅಲ್ಲಿ ಇಂಥ ಮರದ ದಿಮ್ಮಿಗೆ ಏನನ್ನುತ್ತಿದ್ದರು ಅಂತಲೂ ಹೇಳಿ. ಪುಟವನ್ನು ಮುಂದಿನ ಸೋಮವಾರ ಕಳಿಸಬೇಕು. ಸದ್ಯಕ್ಕೆ ತಲೆಬರಹದಲ್ಲಿ ಪಮೆಲ್ ಹಾರ್ಸ್, ಕೆಳಗೆ ಚಿಕ್ಕ ಅಕ್ಷರದಲ್ಲಿ ಕೊಂಬುಗುದುರೆ ಅಂತಿದೆ.