ಹಳೆ ಡೀಸೆಲ್ ಪಿಕಪ್‌ನಲ್ಲಿ ಆಯಿಲ್ ಲೀಕ್: ಗೇರ್‌ಬಾಕ್ಸ್ ಇಳಿಸುವ ಮೊದಲು ಇಷ್ಟು ನೋಡಿ

ನೀವು ಕೇಳಿದ್ದು ಇದು: ಹಳೆಯ ಡೀಸೆಲ್ ಪಿಕಪ್, ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಕೆಳಗೆ ಆಯಿಲ್ ಕಲೆ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆಯಿಂದ ತೊಟ್ಟಿಕ್ಕುತ್ತಿದೆ, ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಹಿಂದಿನ ಸೀಲ್ ಬದಲಿಸಬೇಕು ಅನ್ನುತ್ತಿದ್ದಾರೆ. ಇಳಿಸಬೇಕಾ?

ಈಗಲೇ ಬೇಡ. ಅಲ್ಲಿ ತೊಟ್ಟಿಕ್ಕುತ್ತಿದೆ ಅಂದ ಮಾತ್ರಕ್ಕೆ ಅಲ್ಲೇ ಸೋರುತ್ತಿದೆ ಅಂತ ಅಲ್ಲ. ಟ್ಯಾಪೆಟ್ ಕವರ್‌ನ (ಎಂಜಿನ್‌ನ ತಲೆಯ ಮೇಲಿನ ಮುಚ್ಚಳ) ಹಿಂದಿನ ಮೂಲೆಯಲ್ಲಿ ಪ್ಯಾಕಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಆಯಿಲ್ ಬ್ಲಾಕ್‌ನ ಬೆನ್ನಿಗುಂಟ ಇಳಿದು ಸರಿಯಾಗಿ ಬೆಲ್ ಹೌಸಿಂಗ್ (ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ ಕ್ಲಚ್ ಮುಚ್ಚುವ ಗೂಡು) ಕೆಳಗೇ ಬಂದು ತೊಟ್ಟಿಕ್ಕುತ್ತದೆ. ಅದರ ಮೇಲೆ ಗಾಡಿ ಓಡುವಾಗ ಗಾಳಿಯೂ ಎಲ್ಲವನ್ನೂ ಹಿಂದಕ್ಕೇ ತಳ್ಳುತ್ತದೆ. ಹಾಗಾಗಿ ಕೆಳಗೆ ನೋಡಬೇಡಿ, ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು, ಎಲ್ಲಕ್ಕಿಂತ ಮುಂದಿರುವುದು ಯಾವುದು ಅಂತ ಹುಡುಕಿ.

ಅದಕ್ಕೆ ಮೊದಲು ತೊಳೆಯಬೇಕು. ವರ್ಷಗಟ್ಟಲೆ ಕೂತ ಜಿಡ್ಡಿನಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್‌ಗೆ, ವೈರ್ ಸಾಕೆಟ್‌ಗಳಿಗೆ, ಗಾಳಿ ಒಳಗೆ ಹೋಗುವ ಪೈಪಿಗೆ ಪ್ಲಾಸ್ಟಿಕ್ ಕಟ್ಟಿ, ಡಿಗ್ರೀಸರ್ ಹಾಕಿ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ. ಆಮೇಲೆ ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿ. ಕಟ್ಟಿದ ಪ್ಲಾಸ್ಟಿಕ್ ಎಲ್ಲಾ ಬಿಚ್ಚಿ ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಬಂದು, ಟಾರ್ಚ್ ಹಿಡಿದು, ಕೈ ಹೋಗದ ಕಡೆ ಚಿಕ್ಕ ಕನ್ನಡಿ ಇಟ್ಟು ನೋಡಿ. ಬಿಳಿ ಪುಡಿಯ ಮೇಲೆ ನೂಲಿನಷ್ಟು ಸಣ್ಣ ಕಂದು ಗೆರೆ ಎದ್ದಿರುತ್ತದೆ. ಅದರ ಮೇಲಿನ ತುದಿ ಎಲ್ಲಿದೆಯೋ ಅಲ್ಲೇ ನಿಮ್ಮ ಲೀಕ್.

ಇನ್ನೊಂದು, ಇದನ್ನು ತುಂಬಾ ಜನ ನೋಡುವುದೇ ಇಲ್ಲ: ಬ್ರೀದರ್. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ಇಳಿಯುತ್ತದೆ, ಅದು ಹೊರಗೆ ಹೋಗುವ ದಾರಿ ಬ್ರೀದರ್ ಪೈಪು. ಅದರಲ್ಲಿ ಕೆಸರು ಕಟ್ಟಿದರೆ ಎಂಜಿನ್ ಒಳಗೆ ಪ್ರೆಶರ್ ಏರಿ, ಎಲ್ಲಿ ಸೀಲ್ ದುರ್ಬಲವಾಗಿದೆಯೋ ಅಲ್ಲಿಂದ ಆಯಿಲ್ ತಳ್ಳುತ್ತದೆ. ಅಂಥ ಗಾಡಿಗೆ ಎಷ್ಟು ಹೊಸ ಸೀಲ್ ಹಾಕಿದರೂ ಅಷ್ಟೇ, ಸ್ವಲ್ಪ ದಿನದಲ್ಲಿ ಮತ್ತೆ ಸೋರುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ ಅದರ ಬಾಯಿಯ ಮೇಲೆ ಸುಮ್ನೆ ಇಟ್ಟು ನೋಡಿ. ಡೀಸೆಲ್ ಎಂಜಿನ್‌ನಲ್ಲಿ ಅದು ಕೊಂಚ ಅದುರುವುದು ಮಾಮೂಲು. ಹಾರಿ ಬಿದ್ದರೆ, ಹೊಗೆ ಬುಸುಬುಸು ಬಂದರೆ ಮೊದಲು ಬ್ರೀದರ್ ಬಿಚ್ಚಿ ತೊಳೆಯಿರಿ. ತೊಳೆದ ಮೇಲೂ ಹಾಗೇ ಇದ್ದರೆ ರಿಂಗ್ ಸವೆದಿರಬಹುದು, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ.

ಇನ್ನು ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗಗಳು. ಆಯಿಲ್ ಪ್ರೆಶರ್ ಸ್ವಿಚ್, ವೈರ್ ಸಾಕೆಟ್ ಎಳೆದು ಒಳಗೆ ಆಯಿಲ್ ಇದ್ದರೆ ಸ್ವಿಚ್ ಹೋಗಿದೆ. ಫಿಲ್ಟರ್ ಬದಲಿಸಿದಾಗ ಹಳೆ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತಿರುವುದೂ ಉಂಟು. ಡ್ರೈನ್ ಬೋಲ್ಟ್ ವಾಷರ್, ಟರ್ಬೋ ಇದ್ದರೆ ಅದರಿಂದ ಆಯಿಲ್ ವಾಪಸ್ ಬರುವ ರಿಟರ್ನ್ ಪೈಪು. ಬ್ರೇಕ್‌ಗೆ ವ್ಯಾಕ್ಯೂಮ್ ಕೊಡುವ ಪಂಪನ್ನು ಮರೆಯಬೇಡಿ, ಅದರ ಓ-ರಿಂಗ್ ಸೋರಿದರೂ ನೋಡಲು ದೊಡ್ಡ ಲೀಕ್ ಥರಾನೇ ಕಾಣುತ್ತದೆ. ಸೋರಿದ್ದು ಎಂಜಿನ್ ಆಯಿಲ್ ಹೌದೋ ಅಲ್ಲವೋ ಅಂತ ಬಟ್ಟೆಗೆ ಒರೆಸಿ ಮೂಸಿ ನೋಡಿ. ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್, ಎಂಜಿನ್ ಸೀಲ್ ಬದಲಿಸಿ ಏನೂ ಆಗುವುದಿಲ್ಲ.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಅಂತ ಖಾತ್ರಿಯಾದರೆ ಮನೆಯಲ್ಲೇ ಮಾಡಬಹುದು. ಹಳೆಯದನ್ನು ಪೂರ್ತಿ ಕೆರೆದು ತೆಗೆಯಿರಿ, ಆದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳಬಾರದು. ಬೋಲ್ಟ್‌ಗಳನ್ನು ನಡುವಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹೆಚ್ಚಿನ ಎಂಜಿನ್‌ಗಳಲ್ಲಿ ಇವಕ್ಕೆ ಹತ್ತು ನ್ಯೂಟನ್ ಮೀಟರ್ ಆಸುಪಾಸು ಸಾಕು, ನಿಮ್ಮ ಎಂಜಿನ್‌ನ ಸರಿಯಾದ ಲೆಕ್ಕ ಮ್ಯಾನುಯಲ್‌ನಲ್ಲಿರುತ್ತದೆ. ಸೋರುತ್ತದೆ ಅಂತ ಜೋರಾಗಿ ಬಿಗಿದರೆ ಕವರ್ ಡೊಂಕಾಗಿ ಇನ್ನೂ ಜಾಸ್ತಿ ಸೋರುತ್ತದೆ. ಸಿಲಿಕಾನ್ ಪೇಸ್ಟನ್ನು ಮ್ಯಾನುಯಲ್ ಹೇಳಿದ ಮೂಲೆಗಳಿಗೆ ಮಾತ್ರ, ತೆಳ್ಳಗೆ ಹಾಕಿ. ದಪ್ಪ ಬಳಿದರೆ ಹೆಚ್ಚಾದದ್ದು ಒಳಗೆ ಕಿತ್ತು ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ. ಆಮೇಲೆ ಎಂಜಿನ್ನೇ ಹೋಗುತ್ತದೆ.

ಇಷ್ಟೆಲ್ಲಾ ಒಣಗಿದ್ದು, ಬೆಲ್ ಹೌಸಿಂಗ್ ಒಳಗಿನಿಂದಲೇ ಎಂಜಿನ್ ಆಯಿಲ್ ಬರುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಇಳಿಸಿ. ಆಗ ಕ್ರ್ಯಾಂಕ್ ಮೇಲೆ ಸೀಲ್ ಕೂರುವ ಜಾಗಕ್ಕೆ ಉಗುರು ತಾಗಿಸಿ ನೋಡಲು ಹೇಳಿ. ಸವೆದ ಗೆರೆಗೆ ಉಗುರು ಸಿಕ್ಕಿಕೊಂಡರೆ ಬರೀ ಸೀಲ್ ಸಾಲದು, ಆ ಗೆರೆ ಮುಚ್ಚುವ ತೆಳುವಾದ ಲೋಹದ ಬಳೆ, ಅಂದರೆ ರಿಪೇರಿ ಸ್ಲೀವ್ ಹಾಕಬೇಕು. ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿದ್ದರೆ ಅದನ್ನೂ ಆಗಲೇ ಬದಲಿಸಿ, ಮತ್ತೆ ಇಳಿಸುವ ಕೆಲಸ ತಪ್ಪುತ್ತದೆ.

ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿ, ಕಡಿಮೆಯಾದಷ್ಟೇ ಹಾಕಿ. ಹೇಗೂ ಸೋರುತ್ತದಲ್ವಾ ಅಂತ ಮೇಲಿನ ಗೆರೆ ದಾಟಿಸಿ ತುಂಬಬೇಡಿ. ಹೆಚ್ಚಾದ ಆಯಿಲ್ ಬ್ರೀದರ್ ಮೂಲಕ ಇನ್‌ಟೇಕ್ (ಗಾಳಿ ಒಳಗೆ ಹೋಗುವ ದಾರಿ) ಸೇರಿದರೆ ಡೀಸೆಲ್ ಎಂಜಿನ್ ಅದನ್ನೇ ಸುಟ್ಟುಕೊಂಡು ಓಡಬಲ್ಲದು, ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಡಿ ಕೆಳಗೆ ನುಗ್ಗುವಾಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಪೌಡರ್ ಹಾಕಿ ನೋಡಿದ ಮೇಲೆ ಗೆರೆ ಎಲ್ಲಿಂದ ಶುರುವಾಗಿದೆ ಅಂತ ಬರೆಯಿರಿ, ಮುಂದಿನದ್ದು ಅದನ್ನು ನೋಡಿ ಹೇಳುತ್ತೇನೆ.