ಸ್ಮೂದಿಯನ್ನು ‘ದಪ್ಪ’ ಮಾಡುವುದೋ, ‘ಮಂದ’ ಮಾಡುವುದೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳಬೇಕಿತ್ತು. ಕೇಳುತ್ತಾ ಹೋದರೆ ಒಂದಲ್ಲ, ನಾಲ್ಕೈದು ಪದ ಅಂತ ಆಯಿತು, ಹಾಗಾಗಿ ಸ್ವಲ್ಪ ಉದ್ದವಾಗಿದೆ.

ಕಡಿಮೆ ಕ್ಯಾಲೊರಿಯ ಹಣ್ಣಿನ ಸ್ಮೂದಿಗಳ ಬಗ್ಗೆ ಒಂದು ಬರಹವನ್ನು ತಿದ್ದಿಕೊಡುತ್ತಿದ್ದೇನೆ. ವಿಷಯ ಸರಳ. ಸ್ಮೂದಿ ನೀರುನೀರಾಗಿ ಇರಬಾರದು, ಹಾಗಂತ ಬಾಳೆಹಣ್ಣು, ಐಸ್‌ಕ್ರೀಮ್, ಕೆನೆ ಎಲ್ಲ ಸುರಿದು ಕ್ಯಾಲೊರಿ ಏರಿಸಲೂಬಾರದು, ಅವುಗಳ ಬದಲಿಗೆ ಏನು ಹಾಕಬಹುದು ಅನ್ನುವುದು. ಕರಡಿನಲ್ಲಿ ಥಿಕನರ್ ಅನ್ನುವುದಕ್ಕೆ ಎಲ್ಲ ಕಡೆ ‘ದಪ್ಪ ಮಾಡುವ ಪದಾರ್ಥ’ ಅಂತಿದೆ. ‘ಕ್ಯಾಲೊರಿ ಹೆಚ್ಚಿಸದೆ ದಪ್ಪ ಮಾಡುವ ಪದಾರ್ಥಗಳು’ ಅಂತ ಒಂದು ತಲೆಬರಹ ಬೇರೆ! ತೂಕ ಇಳಿಸಬೇಕು ಅಂತ ಓದಲು ಬಂದವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ.

ನನಗೆ ‘ದಪ್ಪ’ ಅಂದರೆ ಹಲಗೆ, ಪುಸ್ತಕ, ಬಟ್ಟೆ, ಮನುಷ್ಯ. ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತುವಿನ ಅಳತೆ ಅದು. ಲೋಟದಲ್ಲಿರುವ ಪಾನೀಯಕ್ಕೆ ದಪ್ಪ ಅಂದರೆ ಕಿವಿಗೆ ಒಗ್ಗುವುದಿಲ್ಲ. ನಿಮಗೆ ಒಗ್ಗುತ್ತದೆಯೇ?

‘ಗಟ್ಟಿ’ ಅನ್ನೋಣ ಅಂದರೆ ಅದಕ್ಕೆ ಎರಡು ಮುಖ. ಗಟ್ಟಿ ಮೊಸರು ಅಂದಾಗ ಸರಿ, ಚಮಚ ಇಟ್ಟರೆ ನಿಲ್ಲುವಂಥ ಮೊಸರು. ಆದರೆ ಗಟ್ಟಿ ಹಾಲು ಅಂದರೆ ನೀರು ಬೆರೆಸದ ಹಾಲು, ಅಲ್ಲಿ ಹೇಳುತ್ತಿರುವುದು ಹರಿವಿನ ಮಾತಲ್ಲ, ಬೆರಕೆಯ ಮಾತು. ಇನ್ನು ‘ಸ್ಮೂದಿ ಗಟ್ಟಿಯಾಯಿತು’ ಅಂದರೆ ಕುಡಿಯಲು ಬರದಂತೆ ಕಲ್ಲಾಯಿತು ಅನ್ನುವ ಅರ್ಥವೂ ಬರುತ್ತದೆ. ಫ್ರೀಜರ್‌ನಲ್ಲಿ ಮರೆತರೆ ಹಾಗೆ ಆಗುವುದೂ ಉಂಟು.

ಪಠ್ಯಪುಸ್ತಕದ ಪದಗಳು ಇನ್ನೂ ಕಷ್ಟ. ‘ಸಾಂದ್ರತೆ ಹೆಚ್ಚಿಸುವ ಪದಾರ್ಥ’ ಅಂತ ಬರೆಯುವವರಿದ್ದಾರೆ, ಅದು ತಪ್ಪೇ. ಸಾಂದ್ರತೆ ಅಂದರೆ ಇಷ್ಟು ಜಾಗದಲ್ಲಿ ಎಷ್ಟು ತೂಕ ಅನ್ನುವುದು. ಅಡುಗೆ ಎಣ್ಣೆ ನೀರಿಗಿಂತ ಹಗುರ, ನೀರಿನ ಮೇಲೆ ತೇಲುತ್ತದೆ, ಆದರೆ ಸುರಿದರೆ ನೀರಿಗಿಂತ ನಿಧಾನವಾಗಿ ಇಳಿಯುತ್ತದೆ. ಅಂದರೆ ಸಾಂದ್ರತೆ ಕಡಿಮೆ, ಮಂದ ಜಾಸ್ತಿ. ಈ ಎರಡನೆಯದಕ್ಕೆ ವಿಜ್ಞಾನದ ಪುಸ್ತಕಗಳಲ್ಲಿ ‘ಸ್ನಿಗ್ಧತೆ’ ಅಂತಿದೆ. ಅರ್ಥ ಸರಿಯಾಗಿದೆ, ಆದರೆ ಸ್ನಿಗ್ಧ ಅಂದರೆ ನಗು, ನೋಟ, ಸೌಂದರ್ಯ ಅಂತ ಓದಿ ಬೆಳೆದವರಿಗೆ ಹಣ್ಣಿನ ಪಾನೀಯದಲ್ಲಿ ಸ್ನಿಗ್ಧತೆ ಅಂದರೆ ನಗು ಬಂದೀತು.

ಉಳಿದದ್ದು ‘ಮಂದ’. ಮಂದ ಬೆಳಕು, ಮಂದ ಬುದ್ಧಿ, ಹೊಟ್ಟೆ ಮಂದ ಅಂತೆಲ್ಲ ಇದ್ದರೂ ದ್ರವಕ್ಕೆ ಬಳಸಿದಾಗ ಗೊಂದಲ ಆಗುವುದಿಲ್ಲ. ‘ಸ್ವಲ್ಪ ಮಂದವಾಗಿ ಇರಲಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ನನ್ನ ಓಟು ಇದಕ್ಕೇ. ಎದುರು ಪದವಾಗಿ ‘ತೆಳು’ ಸಿದ್ಧವಾಗಿಯೇ ಇದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎಲ್ಲ ಕಡೆ ‘ಮಂದ ಮಾಡುವ ಪದಾರ್ಥ’ ಅಂತ ಬದಲಾಯಿಸುತ್ತಾ ಹೋದಾಗ ಗೊತ್ತಾಯಿತು, ಒಂದೇ ಪದ ಹಾಕುವುದೇ ಸರಿಯಲ್ಲ. ಈ ಪದಾರ್ಥಗಳು ಕೆಲಸ ಮಾಡುವ ರೀತಿ ಬೇರೆ ಬೇರೆ. ಎಲ್ಲಕ್ಕೂ ಒಂದೇ ಹೆಸರು ಕೊಟ್ಟರೆ ಓದುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕುತ್ತಾರೆ, ಲೋಟ ಹಾಳು.

ಮೊದಲ ಗುಂಪು ಗಮ್‌ಗಳದ್ದು. ಕ್ಸಾಂಥನ್ ಗಮ್ ಅನ್ನುವ ಪುಡಿ ತೆಗೆದುಕೊಳ್ಳಿ. ಒಂದು ಲೋಟಕ್ಕೆ ಟೀ ಚಮಚದ ಎಂಟನೇ ಒಂದು ಪಾಲಿನಿಂದ ಹೆಚ್ಚೆಂದರೆ ಕಾಲು ಪಾಲು ಸಾಕು. ಕಾಯಿಸಬೇಕಿಲ್ಲ, ತಣ್ಣಗಿದ್ದರೂ ಕೆಲಸ ಮಾಡುತ್ತದೆ, ಇಷ್ಟು ಚಿಟಿಕೆಯಿಂದ ಕ್ಯಾಲೊರಿ ಏರುವುದೂ ಇಲ್ಲ. ಆದರೆ ಪುಡಿಯನ್ನು ಸುಮ್ನೆ ಮೇಲಿಂದ ಸುರಿದು ಚಮಚದಲ್ಲಿ ಕದಡಿದರೆ ಗಂಟು ಕಟ್ಟುತ್ತದೆ. ಗಂಟಿನ ಹೊರಮೈ ತಕ್ಷಣ ನೀರು ಕುಡಿದು ಜಾರುವ ಪೊರೆಯಾಗುತ್ತದೆ, ಆ ಪೊರೆ ಒಳಗೆ ನೀರು ಬಿಡುವುದಿಲ್ಲ, ಎಷ್ಟು ಹೊತ್ತು ಬಿಟ್ಟರೂ ಒಳಗೆ ಪುಡಿ ಒಣಗಿಯೇ ಇರುತ್ತದೆ. ಮಿಕ್ಸಿ ತಿರುಗುತ್ತಿರುವಾಗಲೇ ಚೂರು ಚೂರು ಉದುರಿಸಬೇಕು. ಇನ್ನೊಂದು ವಿಚಿತ್ರ, ಕದಡಿದರೆ ತೆಳ್ಳಗಾಗುತ್ತದೆ, ಸುಮ್ಮನೆ ಇಟ್ಟರೆ ಮತ್ತೆ ಮಂದವಾಗುತ್ತದೆ. ಮಿಕ್ಸಿ ಜಾರಿನಲ್ಲಿ ನೋಡಿ ‘ಇನ್ನೂ ತೆಳುವಾಗಿದೆ’ ಅಂತ ಮತ್ತಷ್ಟು ಹಾಕಿದವರು ಲೋಟಕ್ಕೆ ಬಗ್ಗಿಸಿದ ಮೇಲೆ ಪರದಾಡುತ್ತಾರೆ.

ಈ ‘ಗಮ್’ ಅನ್ನುವುದನ್ನು ಕರಡಿನಲ್ಲಿ ‘ಅಂಟು’ ಅಂತ ಮಾಡಿದ್ದಾರೆ. ನನಗೆ ಅತಿ ದೊಡ್ಡ ತಕರಾರು ಇರುವುದು ಇಲ್ಲೇ. ಯಾಕೆಂದರೆ ಇತ್ತೀಚೆಗೆ ಗೋಧಿಯ ಪ್ರೊಟೀನ್ ಆದ ಗ್ಲುಟೆನ್‌ಗೂ ‘ಅಂಟು’ ಅಂತ ಬರೆಯುತ್ತಾರೆ, ‘ಅಂಟುರಹಿತ’ ಅಂತ ಪೊಟ್ಟಣದ ಮೇಲೂ ಕಾಣುತ್ತದೆ. ಗ್ಲುಟೆನ್ ಆಗದವರು ‘ಕ್ಸಾಂಥನ್ ಅಂಟು’ ನೋಡಿ ಹೆದರಿ ಬಿಟ್ಟುಬಿಡುತ್ತಾರೆ. ನಿಜದಲ್ಲಿ ಗ್ಲುಟೆನ್ ಇಲ್ಲದ ಬ್ರೆಡ್ಡು ಪುಡಿಪುಡಿಯಾಗದಿರಲಿ ಅಂತ ಹಾಕುವುದೇ ಈ ಕ್ಸಾಂಥನ್ ಗಮ್! ಮರದಿಂದ ಒಸರುವ ಗೋಂದೂ ಅಲ್ಲ ಇದು. ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣಿಸಿ ಹುದುಗಿಸಿ ತೆಗೆಯುವಂಥದ್ದು, ಎಲೆಕೋಸಿನ ಎಲೆ ಕಪ್ಪಾಗಿ ಕೊಳೆಯುವ ರೋಗಕ್ಕೆ ಕಾರಣವೂ ಅದೇ ಬ್ಯಾಕ್ಟೀರಿಯಾ. ಹಾಗಾಗಿ ನಾನು ‘ಕ್ಸಾಂಥನ್ ಗಮ್’ ಅಂತಲೇ ಉಳಿಸಿದ್ದೇನೆ. ಗುವಾರ್ ಗಮ್ ವಿಷಯ ಬೇರೆ, ಅದು ಗೋರಿಕಾಯಿ ಬೀಜದ್ದು, ಅದಕ್ಕೆ ‘ಗೋರಿಬೀಜದ ಪುಡಿ’ ಅಂದರೆ ಹೇಗೆ? ಸ್ವಲ್ಪ ಎಳೆದ ಹಾಗಿದೆಯೇ?

ಎರಡನೆಯ ಗುಂಪು ಬೀಜಗಳದ್ದು. ಚಿಯಾ, ಕಾಮಕಸ್ತೂರಿ, ಅಗಸೆ, ಜೊತೆಗೆ ಬೀಜದ ಸಿಪ್ಪೆಯಾದ ಇಸಬ್‌ಗೋಲ್. ಇವು ನೀರು ಹೀರಿ ಲೋಳೆ ಬಿಡುತ್ತವೆ. ‘ಲೋಳೆ’ ಅಂದರೆ ಮೂಗು ಮುರಿಯುವವರಿದ್ದಾರೆ, ಆದರೂ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ, ಲೋಳೆಸರ ಅಂತ ಗಿಡಕ್ಕೇ ಹೆಸರಿಟ್ಟಿರುವ ಭಾಷೆ ನಮ್ಮದು. ಕಾಮಕಸ್ತೂರಿಯ ಕರಿ ಬೀಜವನ್ನು ನೀರಿಗೆ ಹಾಕಿ ನೋಡಿ, ಕೆಲವೇ ನಿಮಿಷದಲ್ಲಿ ಪ್ರತಿ ಬೀಜದ ಸುತ್ತ ಬೂದು ಬಿಳುಪಿನ ಒಂದು ಉಂಗುರ ಎದ್ದು, ನಡುವೆ ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ಚಿಯಾಗೆ ಇನ್ನೂ ಹೊತ್ತು ಬೇಕು, ಹದಿನೈದು ಇಪ್ಪತ್ತು ನಿಮಿಷ ಬಿಡಬೇಕು. ಎರಡೂ ಒಂದೇ ಅಂತ ಬರೆಯುತ್ತಾರಲ್ಲ, ಅಲ್ಲ. ಚಿಯಾ ಸಾಲ್ವಿಯ ಕುಲದ್ದು, ಕಾಮಕಸ್ತೂರಿ ತುಳಸಿಯ ಕುಲದ್ದು. ‘ಚಿಯಾ ಅಂದರೆ ಕಾಮಕಸ್ತೂರಿ ಬೀಜ’ ಅಂತ ಕರಡಿನಲ್ಲಿದ್ದ ಸಾಲು ತೆಗೆದಿದ್ದೇನೆ.

ಇಲ್ಲಿ ಕ್ಯಾಲೊರಿಯ ಲೆಕ್ಕವೂ ಬರುತ್ತದೆ. ಚಿಯಾ 100 ಗ್ರಾಂಗೆ ಸುಮಾರು 486 ಕಿಲೊಕ್ಯಾಲೊರಿ. ಒಂದು ಟೇಬಲ್ ಚಮಚ 12 ಗ್ರಾಂ ಅಂತ ಇಟ್ಟುಕೊಂಡರೆ 58 ಆಯಿತು. ನಡುಗಾತ್ರದ ಒಂದು ಬಾಳೆಹಣ್ಣು 105ರ ಆಸುಪಾಸು. ಎರಡು ಚಮಚ ಚಿಯಾ ಹಾಕಿದರೆ ಬಾಳೆಹಣ್ಣನ್ನು ಬಿಟ್ಟು ಏನು ಬಂತು? ನಾರಿನಂಶ ಸಿಗುತ್ತದೆ ಅನ್ನಿ, ಅದು ಬೇರೆ ಲಾಭ, ‘ಕಡಿಮೆ ಕ್ಯಾಲೊರಿ’ ಅನ್ನುವ ಪಟ್ಟಿಯಲ್ಲಿ ಚಮಚದ ಅಳತೆ ಇಲ್ಲದೆ ಅದನ್ನು ಸೇರಿಸಬಾರದು. ಇಸಬ್‌ಗೋಲ್‌ನದು ಇನ್ನೊಂದು ಕಥೆ. ಅದನ್ನು ಹಾಕಿ ಫೋನ್ ನೋಡುತ್ತಾ ಕೂತರೆ ಲೋಟದ ತುಂಬ ಜೆಲ್ಲಿ. ನೀರಿನಂಶ ಸಾಕಷ್ಟು ಇರಬೇಕು, ಬೇಗ ಕುಡಿಯಬೇಕು, ಇಲ್ಲದಿದ್ದರೆ ಗಂಟಲಲ್ಲಿ ಉಬ್ಬಿಕೊಂಡು ಸಿಕ್ಕಿಕೊಳ್ಳುವ ಅಪಾಯ ಇದೆ. ಈ ಎಚ್ಚರಿಕೆ ಬರಹದಲ್ಲಿ ಇರಲೇಬೇಕು ಅಂತ ಸೇರಿಸಿದೆ.

ಮೂರನೆಯದು ‘ಹೆಪ್ಪು’. ಜೆಲಾಟಿನ್, ಅಗರ್ ಇವು ಮಂದ ಮಾಡುವುದಿಲ್ಲ, ಬಿಸಿಯಲ್ಲಿ ಕರಗಿ ತಣ್ಣಗಾದ ಮೇಲೆ ಹೆಪ್ಪುಗಟ್ಟುತ್ತವೆ. ಜೆಲಾಟಿನ್ ಪ್ರಾಣಿಮೂಲದ್ದು, ಅಗರ್ ಕಡಲ ಪಾಚಿಯದ್ದು. ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳಲ್ಲಿ ಪ್ರೊಟೀನ್ ಒಡೆಯುವ ಕಿಣ್ವಗಳಿವೆ, ಅವು ಜೆಲಾಟಿನ್ನನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅಗರ್ ಪ್ರೊಟೀನ್ ಅಲ್ಲ, ಅದಕ್ಕೆ ಈ ತೊಂದರೆ ಇಲ್ಲ. ಪದದ ತೊಡಕು ಏನೆಂದರೆ ಫ್ರೋಜನ್ ಹಣ್ಣಿಗೂ ‘ಹೆಪ್ಪುಗಟ್ಟಿದ ಹಣ್ಣು’ ಅಂತ ಬರೆಯುವ ರೂಢಿ ಇದೆ. ಹಾಲಿಗೆ ಹೆಪ್ಪು, ಜೆಲಾಟಿನ್‌ಗೆ ಹೆಪ್ಪು, ಐಸಿಗೂ ಹೆಪ್ಪು ಅಂದರೆ ಹೇಗೆ? ನಾನು ‘ಫ್ರೀಜ್ ಮಾಡಿದ ಹಣ್ಣು’ ಅಂತ ಬರೆದಿದ್ದೇನೆ. ‘ಮಂಜುಗಟ್ಟಿದ’ ಅನ್ನುವವರೂ ಇದ್ದಾರೆ, ಅದೂ ಚೆಂದ, ಆದರೆ ಅಡುಗೆಮನೆಯಲ್ಲಿ ಯಾರೂ ಹಾಗೆ ಹೇಳಿದ್ದು ಕೇಳಿಲ್ಲ.

ಫ್ರೀಜ್ ಮಾಡಿದ ಹಣ್ಣಿಗೆ ಬೇರೆ ಮಂದಕಾರಿಯೇ ಬೇಡ, ಸಣ್ಣ ಸಣ್ಣ ಐಸ್ ಹರಳುಗಳು, ಹಣ್ಣಿನ ತಿರುಳು ಸೇರಿ ತಾನಾಗಿಯೇ ಮಂದವಾಗುತ್ತದೆ. ಬರೀ ಐಸ್ ತುಂಡು ಹಾಕಿದರೆ ಕರಗಿದ ಮೇಲೆ ನೀರೇ ಗತಿ. ಬಾಳೆಹಣ್ಣಿನ ಬದಲಿಗೆ ಬೇಯಿಸಿ ಫ್ರೀಜ್ ಮಾಡಿದ ಹೂಕೋಸು ಹಾಕುವುದು ಈಗ ಚಾಲ್ತಿಯಲ್ಲಿದೆ. 100 ಗ್ರಾಂಗೆ ಬಾಳೆಹಣ್ಣು 89 ಕಿಲೊಕ್ಯಾಲೊರಿ, ಹಸಿ ಹೂಕೋಸು 25ರ ಸುಮಾರು. ಕೇಳಲು ಒಂದು ಥರ ಅನಿಸಿದರೂ ಹುಳಿ ಸಿಹಿ ಜೋರಾಗಿರುವ ಹಣ್ಣಿನ ಜೊತೆ ಹೂಕೋಸಿನ ರುಚಿ ಅಷ್ಟಾಗಿ ಗೊತ್ತಾಗುವುದಿಲ್ಲ.

‘ಬದಲಿ’ ಬಗ್ಗೆಯೂ ಒಂದು ಮಾತು. ಕರಡಿನಲ್ಲಿ ‘ಬಾಳೆಹಣ್ಣಿಗೆ ಬದಲಿ’ ಅಂತ ಇಡೀ ಪಟ್ಟಿ ಕೊಟ್ಟಿದ್ದಾರೆ. ಬಾಳೆಹಣ್ಣು ಮಂದವನ್ನೂ ಕೊಡುತ್ತದೆ, ಸಿಹಿಯನ್ನೂ ಕೊಡುತ್ತದೆ, ಹೂಕೋಸೋ ಕ್ಸಾಂಥನ್ನೋ ಮಂದ ಮಾತ್ರ ಕೊಡುತ್ತದೆ. ‘ಬಾಳೆಹಣ್ಣಿನ ಮಂದಕ್ಕೆ ಬದಲಿ’ ಅಂದರೆ ಸರಿ ಹೋಗುತ್ತೆ ಅಲ್ವಾ? ‘ಪರ್ಯಾಯ’ ಅಂತ ಹಾಕಿದರೆ ಭಾಷಣದ ಥರ ಕೇಳಿಸುತ್ತದೆ, ನನಗೆ ಬೇಡ.

ಕಾರ್ನ್‌ಫ್ಲೋರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದನ್ನು ‘ಜೋಳದ ಹಿಟ್ಟು’ ಅಂತ ಬರೆದಿದ್ದಾರೆ, ಓದುವವರು ರೊಟ್ಟಿ ಹಿಟ್ಟು ಅಂದುಕೊಳ್ಳುತ್ತಾರೆ. ಅದು ಮೆಕ್ಕೆಜೋಳದ ಪಿಷ್ಟ. ಕಾಯಿಸದೆ ಮಂದವಾಗುವುದೂ ಇಲ್ಲ, ತಣ್ಣನೆ ಸ್ಮೂದಿಗೆ ಹಾಕಿದರೆ ತಳಕ್ಕೆ ಇಳಿದು ನಾಲಿಗೆಗೆ ಪುಡಿಪುಡಿ ಸಿಗುತ್ತದೆ. ಆ ಸಾಲನ್ನೇ ಕಿತ್ತೆ.

ಇನ್ನು ಗ್ರೀಕ್ ಯೋಗರ್ಟ್. ‘ಗ್ರೀಕ್ ಮೊಸರು’ ಅನ್ನುವುದಕ್ಕಿಂತ ‘ಬಸಿದ ಮೊಸರು’ ಅಂದರೆ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ: ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯುವುದು. ಕೆನೆ ತೆಗೆದ ಹಾಲಿನದಾದರೆ 100 ಗ್ರಾಂಗೆ 60 ಕಿಲೊಕ್ಯಾಲೊರಿಯ ಹತ್ತಿರ. ಇದು ಇನ್ನೊಂದನ್ನು ಮಂದ ಮಾಡುವ ಪದಾರ್ಥ ಅನ್ನುವುದಕ್ಕಿಂತ, ತಾನೇ ಮಂದವಾಗಿರುವುದು. ಹಾಗಾಗಿ ಆ ಭಾಗಕ್ಕೆ ‘ಹದ’ ಅನ್ನುವ ಪದ ಹಿಡಿದೆ, ‘ಸ್ಮೂದಿಗೆ ಹದ ಕೊಡುತ್ತದೆ’ ಅಂತ.

ಈಗ ನನ್ನ ಪ್ರಶ್ನೆಗಳು. ದ್ರವಕ್ಕೆ ‘ಮಂದ’ ಅನ್ನುವುದು ನಿಮ್ಮೆಲ್ಲರ ಮಾತಿನಲ್ಲಿ ಇದೆಯೇ, ಅಥವಾ ‘ಗಟ್ಟಿ’ಯೇ ಓಡುತ್ತದೆಯೇ? ‘ಮಂದಕಾರಿ’ ಅಂತ ನಾನು ಮೇಲೆ ಒಂದು ಕಡೆ ಬಳಸಿದೆ, ಹೊಸದಾಗಿ ಕಟ್ಟಿದ್ದು, ಮಾತ್ರೆಯ ಹೆಸರಿನ ಹಾಗೆ ಕೇಳಿಸುತ್ತದೆ ಅನ್ನುವ ಅನುಮಾನ ನನಗೇ ಇದೆ. ಚಿಯಾ ನೀರಿನಲ್ಲಿ ‘ಉಬ್ಬುತ್ತದೆ’, ‘ಊದಿಕೊಳ್ಳುತ್ತದೆ’, ‘ನೆನೆಯುತ್ತದೆ’, ಇವುಗಳಲ್ಲಿ ಯಾವುದು ಹಾಕಲಿ? ನೆನೆಯುವುದು ಬೀಜದ ಕೆಲಸ ಅನಿಸುತ್ತದೆ, ಲೋಳೆ ಕಟ್ಟುವುದು ಅದರಲ್ಲಿ ಬರುವುದಿಲ್ಲ. ಮತ್ತೆ ‘ಕಡಿಮೆ ಕ್ಯಾಲೊರಿಯ ಹಣ್ಣಿನ ಸ್ಮೂದಿ’ ಅಂದಾಗ ಕಡಿಮೆ ಕ್ಯಾಲೊರಿ ಹಣ್ಣಿನದೋ ಸ್ಮೂದಿಯದೋ? ‘ಹಣ್ಣಿನ ಸ್ಮೂದಿ, ಕಡಿಮೆ ಕ್ಯಾಲೊರಿಯದು’ ಅಂತ ಒಡೆದು ಬರೆಯಬಹುದು, ತಲೆಬರಹಕ್ಕೆ ಉದ್ದವಾಗುತ್ತದೆ.

ಕೊನೆಗೆ ಈ ಒಂದು ವಾಕ್ಯ ನೋಡಿ: ‘ಮಿಕ್ಸಿ ತಿರುಗುತ್ತಿರುವಾಗ ಪುಡಿಯನ್ನು ಚೂರು ಚೂರಾಗಿ ಉದುರಿಸಿ, ಎರಡು ನಿಮಿಷ ಬಿಡಿ, ಮಂದವಾಗುತ್ತದೆ, ಸಾಲದಿದ್ದರೆ ಮಾತ್ರ ಇನ್ನೊಂದು ಚಿಟಿಕೆ.’ ಇದನ್ನೇ ನೀವು ಪಕ್ಕದಲ್ಲಿ ನಿಂತವರಿಗೆ ಹೇಳುವುದಾದರೆ ಹೇಗೆ ಹೇಳುತ್ತೀರಿ, ಹಾಗೇ ಬರೆದು ಕಳಿಸಿ.